1200 ಸಿಸಿಯ ಎಸ್‌ಯುವಿ ಘಾಟಿಯಲ್ಲಿ ಯಾಕೆ ಏದುಸಿರು ಬಿಡುತ್ತದೆ?

ಕಳೆದ ಡಿಸೆಂಬರ್‌ನಲ್ಲಿ ಧರ್ಮಸ್ಥಳದಿಂದ ಮೂಡಿಗೆರೆಗೆ ಹೊರಟಿದ್ದೆವು. ಭಾವ ಹೊಸದಾಗಿ ತೆಗೆದುಕೊಂಡಿದ್ದ ಚಿಕ್ಕ ಎಸ್‌ಯುವಿ. ಮುಂದೆ ಭಾವ ಮತ್ತು ನಾನು. ಹಿಂದೆ ಅಮ್ಮ, ಅಕ್ಕ, ಅಕ್ಕನ ಮಗ. ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್, ಒಂದು ಚೀಲ ತೆಂಗಿನಕಾಯಿ. ಅಮ್ಮನಿಗೆ ಸೆಕೆ ಅಂತ ಎಸಿ ಹಾಕಿತ್ತು.

ಚಾರ್ಮಾಡಿ ಘಾಟಿಯ ಒಂದು ಹೇರ್‌ಪಿನ್ ತಿರುವಿನಲ್ಲಿ ಎದುರಿನಿಂದ ಬಸ್ ಬಂತು. ಭಾವ ಪೂರ್ತಿ ನಿಧಾನ ಮಾಡಿದರು. ಬಸ್ ಹೋದ ಮೇಲೆ ಸೆಕೆಂಡ್ ಗೇರಿನಲ್ಲೇ ಆಕ್ಸಿಲರೇಟರ್ ತುಳಿದರು. ಕಾರು ಗಡಗಡ ನಡುಗಿ ಆಫ್ ಆಯಿತು. ಫಸ್ಟ್ ಗೇರಿಗೆ ಹಾಕಿ, ಹಾಫ್ ಕ್ಲಚ್‌ನಲ್ಲಿ ಎತ್ತುವಷ್ಟರಲ್ಲಿ ಕಾರು ಅರ್ಧ ಅಡಿ ಹಿಂದಕ್ಕೆ ಜಾರಿತು. ಹಿಂದೆ ಒಂದು ಪಿಕಪ್ ಹಾರ್ನ್ ಹೊಡೆಯುತ್ತಿತ್ತು. ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಅಮ್ಮ ಹೆದರಿ, "ನಾವೆಲ್ಲ ಇಳಿದು ಬಿಡೋಣವೇನಪ್ಪಾ?" ಅಂದರು.

ಎಸಿ ಆಫ್ ಮಾಡಿ, ಫಸ್ಟ್ ಗೇರಿನಲ್ಲಿ ರೇಸ್ ಕೊಟ್ಟ ಮೇಲೆ ಕಾರು ಹತ್ತಿತು. ಕೊಟ್ಟಿಗೆಹಾರದಲ್ಲಿ ಟೀ ಕುಡಿಯುವಾಗ ಭಾವ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. "ಎಸ್‌ಯುವಿ ಅಂತ ತಾನೇ ತಗೊಂಡಿದ್ದು? ಹಳೇ ಚಿಕ್ಕ ಕಾರಿಗೂ ಇದಕ್ಕೂ ಏನು ವ್ಯತ್ಯಾಸ ಹಾಗಾದರೆ?"

ಒಳ್ಳೆಯ ಪ್ರಶ್ನೆ. ಆರೇಳು ಲಕ್ಷ ಹೊಂದಿಸಿ, ಮನೆಯ ಮೊದಲ ಕಾರು ಅಂತ ಇಂಥದ್ದನ್ನು ತೆಗೆದುಕೊಳ್ಳುವ ಪ್ರತಿಯೊಬ್ಬರೂ ಬುಕಿಂಗ್‌ಗೆ ಮುಂಚೆ ಕೇಳಬೇಕಾದ ಪ್ರಶ್ನೆ. ಇದಕ್ಕೆ ಅರ್ಧ ಉತ್ತರ ಬಾನೆಟ್ ಒಳಗಿದೆ. ಇನ್ನರ್ಧ ಕೇಂದ್ರ ಸರ್ಕಾರದ ತೆರಿಗೆ ಪಟ್ಟಿಯಲ್ಲಿದೆ.

ಮೊದಲು ಈ ವರ್ಗದ ಕಾರುಗಳು ಎಷ್ಟು ಜನಪ್ರಿಯ ಅಂತ ನೋಡೋಣ. ಟಾಟಾ ಪಂಚ್ 2021ರ ಅಕ್ಟೋಬರ್‌ನಲ್ಲಿ 5.49 ಲಕ್ಷ ರೂಪಾಯಿ ಆರಂಭಿಕ ಬೆಲೆಗೆ ಬಂತು. 2024ರಲ್ಲಿ ಅದು 2.02 ಲಕ್ಷ ಮಾರಾಟವಾಗಿ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರಾಯಿತು. ಎರಡನೆಯದು ಮಾರುತಿ ವ್ಯಾಗನ್ ಆರ್, ಸುಮಾರು 1.91 ಲಕ್ಷ. ನಾಲ್ಕು ದಶಕಗಳಲ್ಲಿ ಮಾರುತಿಯದ್ದಲ್ಲದ ಕಾರೊಂದು ಮೊದಲ ಸ್ಥಾನಕ್ಕೆ ಬಂದಿದ್ದು ಅದೇ ಮೊದಲು. ಅಂದರೆ ನಮ್ಮ ಜನ ಚಿಕ್ಕ ಕಾರಿನಿಂದ ಚಿಕ್ಕ ಎಸ್‌ಯುವಿಗೆ ಬದಲಾಗಿದ್ದಾರೆ. ಹ್ಯುಂಡೈ ಎಕ್ಸ್‌ಟರ್, ನಿಸ್ಸಾನ್ ಮ್ಯಾಗ್ನೈಟ್, ರೆನೋ ಕೈಗರ್, ಮಾರುತಿ ಫ್ರಾಂಕ್ಸ್ ಕೂಡ ಇದೇ ಸಾಲಿನವು.

ಇವೆಲ್ಲ ನಿಜಕ್ಕೂ ಎಸ್‌ಯುವಿಗಳಾ? ಸರ್ಕಾರದ ಲೆಕ್ಕದಲ್ಲೇ ಅಲ್ಲ. ಹಿಂದಿನ ಜಿಎಸ್‌ಟಿ ಸೆಸ್ (ಜಿಎಸ್‌ಟಿ ಜೊತೆಗೆ ಬೀಳುತ್ತಿದ್ದ ಹೆಚ್ಚುವರಿ ತೆರಿಗೆ) ನಿಯಮದ ಪ್ರಕಾರ ಎಸ್‌ಯುವಿಯ ಸೆಸ್ ಬೀಳಬೇಕಾದರೆ ಉದ್ದ 4 ಮೀಟರ್ ದಾಟಬೇಕು, ಎಂಜಿನ್ 1500 ಸಿಸಿ ದಾಟಬೇಕು, ನೆಲದಿಂದ ಎತ್ತರ 170 ಮಿ.ಮೀ. ಅಥವಾ ಹೆಚ್ಚಿರಬೇಕು. ಮೂರೂ ಒಟ್ಟಿಗೆ ಇರಬೇಕು. ಪಂಚ್ ಬಂದಾಗ ಅದರ ಉದ್ದ 3,827 ಮಿ.ಮೀ., ಎಂಜಿನ್ 1199 ಸಿಸಿ, ನೆಲದಿಂದ ಎತ್ತರ 187 ಮಿ.ಮೀ. ಮೂರರಲ್ಲಿ ಒಂದರಲ್ಲಿ ಮಾತ್ರ ಪಾಸು. ಎಕ್ಸ್‌ಟರ್ 3,815 ಮಿ.ಮೀ., 1197 ಸಿಸಿ, 185 ಮಿ.ಮೀ. ಅದರದ್ದೂ ಅದೇ ಕತೆ.

ಈ ಅಳತೆಗಳು ಸುಮ್ನೆ ಬಂದಿದ್ದಲ್ಲ. 2006ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಚಿಕ್ಕ ಕಾರು ಅಂದರೆ 4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ ಒಳಗೆ, ಡೀಸೆಲ್ ಆದರೆ 1500 ಸಿಸಿ ಒಳಗೆ. ಅಂದಿನಿಂದ ಇಂದಿನವರೆಗೆ ನಮ್ಮ ದೇಶದ ಅಗ್ಗದ ಕಾರುಗಳನ್ನು ಈ ಗೆರೆ ನೋಡಿಕೊಂಡೇ ಮಾಡುತ್ತಾರೆ. ಸೆಡಾನ್‌ಗಳ ಡಿಕ್ಕಿ ಕತ್ತರಿಸಿದ್ದು ಈ ಗೆರೆಗಾಗಿ. 2013ರ ಫೋರ್ಡ್ ಇಕೋಸ್ಪೋರ್ಟ್, 2016ರ ಮಾರುತಿ ವಿಟಾರಾ ಬ್ರೆಝಾ ಎಲ್ಲವೂ ಇದರೊಳಗೇ ಹುಟ್ಟಿದವು.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾದಾಗ ಗೆರೆ ಅಲ್ಲೇ ಉಳಿಯಿತು, ಆದರೆ ಗೋಡೆ ಎತ್ತರವಾಯಿತು. ಇದನ್ನು ಲೆಕ್ಕ ಹಾಕಿ ನೋಡಿ. ಮೊದಲು 1200 ಸಿಸಿ ಒಳಗಿನ ಚಿಕ್ಕ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 28, ಸೆಸ್ 1, ಒಟ್ಟು ಶೇ 29. ಈಗ ಶೇ 18. ಅದೇ ಕಾರಿಗೆ 1500 ಸಿಸಿಯ ಪೆಟ್ರೋಲ್ ಎಂಜಿನ್ ಹಾಕಿದರೆ ಮೊದಲು ಶೇ 45, ಈಗ ಶೇ 40. ತೆರಿಗೆ ಇಲ್ಲದ ಬೆಲೆ 5 ಲಕ್ಷ ಅಂತ ಇಟ್ಟುಕೊಳ್ಳಿ. ಚಿಕ್ಕ ಎಂಜಿನ್‌ನ ಕಾರು 6.45 ಲಕ್ಷದಿಂದ 5.90 ಲಕ್ಷಕ್ಕೆ ಇಳಿಯಿತು. ಕುಟುಂಬಕ್ಕೆ 55 ಸಾವಿರ ಉಳಿತಾಯ, ಒಳ್ಳೆಯದೇ. ಆದರೆ ದೊಡ್ಡ ಎಂಜಿನ್‌ಗೂ ಚಿಕ್ಕ ಎಂಜಿನ್‌ಗೂ ಇದ್ದ ತೆರಿಗೆ ಅಂತರ 80 ಸಾವಿರದಿಂದ 1.10 ಲಕ್ಷಕ್ಕೆ ಹೋಯಿತು.

ಇಷ್ಟು ದೊಡ್ಡ ಅಂತರ ಇರುವಾಗ ಯಾವ ಕಂಪನಿ ತಾನೇ ಅಗ್ಗದ ಎಸ್‌ಯುವಿಗೆ 1.5 ಲೀಟರ್ ಪೆಟ್ರೋಲ್ ಎಂಜಿನ್ ಹಾಕುತ್ತದೆ? ಮೈ ಬೆಳೆಯುತ್ತಾ ಹೋಯಿತು, ಎತ್ತರ ಬಂತು, ಬಾಗಿಲು ದಪ್ಪವಾಯಿತು, ಏರ್‌ಬ್ಯಾಗ್ ಆರಾಯಿತು. ಹೃದಯ ಮಾತ್ರ ಹಳೆಯ ಚಿಕ್ಕ ಕಾರಿನಷ್ಟೇ ಇದೆ. ಭಾವನ ಪ್ರಶ್ನೆಗೆ ಇದು ಮೊದಲ ಉತ್ತರ.

ಈಗ ಎಂಜಿನ್‌ಗೆ ಬರೋಣ. ಕಾರಿನ ಬ್ರೋಷರ್‌ನಲ್ಲಿ ಎರಡು ಅಂಕಿ ಇರುತ್ತವೆ, ಪವರ್ ಮತ್ತು ಟಾರ್ಕ್. ಬಿಗಿಯಾಗಿ ಕೂತ ನಟ್ಟನ್ನು ಸ್ಪಾನರ್ ಹಾಕಿ ಬಿಚ್ಚುವಾಗ ಕೈ ಹಾಕುವ ತಿರುಗಿಸುವ ಬಲ ಟಾರ್ಕ್. ಅದೇ ಬಲದಲ್ಲಿ ಎಷ್ಟು ಬೇಗ ಬೇಗ ತಿರುಗಿಸುತ್ತೀರಿ ಅನ್ನುವುದೂ ಸೇರಿದರೆ ಪವರ್. ಹೈವೇಯಲ್ಲಿ 100ರಲ್ಲಿ ಓಡಲು ಪವರ್ ಬೇಕು. ತುಂಬಿದ ಕಾರನ್ನು ನಿಂತಲ್ಲಿಂದ ಏರಿಗೆ ಎತ್ತಲು ಟಾರ್ಕ್ ಬೇಕು, ಅದೂ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಬೇಕು.

ಪವರ್ ಅಳೆಯುವುದು ಪಿಎಸ್‌ನಲ್ಲಿ, ಟಾರ್ಕ್ ಅಳೆಯುವುದು ಎನ್‌ಎಂನಲ್ಲಿ. ಪಂಚ್ ಬಂದಾಗ ಅದರ ಟರ್ಬೋ (ಎಂಜಿನ್‌ಗೆ ಗಾಳಿ ತುರುಕುವ ಸಾಧನ) ಇಲ್ಲದ ಎಂಜಿನ್ ಕೊಡುತ್ತಿದ್ದದ್ದು 86 ಪಿಎಸ್ ಪವರ್, 113 ಎನ್‌ಎಂ ಟಾರ್ಕ್. ಎಕ್ಸ್‌ಟರ್‌ನದ್ದು 83 ಪಿಎಸ್, 114 ಎನ್‌ಎಂ. ಹೆಚ್ಚುಕಡಿಮೆ ಒಂದೇ. ಪಂಚ್‌ನ ಪೂರ್ತಿ ಟಾರ್ಕ್ ಸಿಗುವುದು ಎಂಜಿನ್ ನಿಮಿಷಕ್ಕೆ 3,300 ಸುತ್ತು ತಿರುಗುವಾಗ. ಹೇರ್‌ಪಿನ್‌ನಲ್ಲಿ ಬಸ್ಸಿಗೆ ದಾರಿ ಬಿಟ್ಟು, ಸೆಕೆಂಡ್ ಗೇರಿನಲ್ಲಿ 15 ಕಿಲೋಮೀಟರ್ ವೇಗಕ್ಕೆ ಇಳಿದಾಗ ಇಂಥ ಕಾರಿನ ಎಂಜಿನ್ ಸಾವಿರ ಸುತ್ತಿನ ಆಸುಪಾಸಿನಲ್ಲಿರುತ್ತದೆ. ಬ್ರೋಷರ್‌ನ ಬಲ ಅಲ್ಲಿ ಸಿಗುವುದೇ ಇಲ್ಲ. ಭಾವನ ಕಾರಿಗೆ ಆಗಿದ್ದು ಇದೇ. ಕಾರಿನಲ್ಲಿ ದೋಷ ಇರಲಿಲ್ಲ. ಅದು ಫಸ್ಟ್ ಗೇರ್ ಕೇಳುತ್ತಿತ್ತು, ನಾವು ಸೆಕೆಂಡ್‌ನಲ್ಲಿ ಎಳೆಸುತ್ತಿದ್ದೆವು.

ಅದರ ಮೇಲೆ ಭಾರ. ಇಂಥ ಕಾರಿನ ಖಾಲಿ ತೂಕ ಸುಮಾರು 1,000 ಕೆಜಿ. ಒಂದು ಟನ್‌ಗೆ 86 ಪಿಎಸ್ ಅಂತಾಯಿತು. ಐದು ಜನ, ಒಬ್ಬೊಬ್ಬರಿಗೆ 65 ಕೆಜಿ ಅಂದರೂ 325. ಸಾಮಾನು 50. ಈಗ 1,375 ಕೆಜಿ. ಟನ್‌ಗೆ ಉಳಿದಿದ್ದು 62 ಪಿಎಸ್ ಮಾತ್ರ. ಕಾಲು ಭಾಗಕ್ಕಿಂತ ಜಾಸ್ತಿ ಶಕ್ತಿ ಬರೀ ನಾವು ಹತ್ತಿ ಕೂತಿದ್ದಕ್ಕೇ ಹೋಯಿತು. ದೊಡ್ಡ ಕಾರಿನಲ್ಲಿ ಇಷ್ಟು ಗೊತ್ತಾಗುವುದಿಲ್ಲ. ಎರಡು ಟನ್ ಗಾಡಿಗೆ 375 ಕೆಜಿ ಸೇರಿದರೆ ಅದೇನು ಮಹಾ? ಹಗುರ ಕಾರಿಗೆ ಮಾತ್ರ ಅದು ದೊಡ್ಡ ಹೊರೆ.

ಇನ್ನೊಂದನ್ನು ಯಾರೂ ಹೇಳುವುದಿಲ್ಲ. ಟರ್ಬೋ ಇಲ್ಲದ ಎಂಜಿನ್ ತನ್ನ ಉಸಿರನ್ನು ತಾನೇ ಎಳೆದುಕೊಳ್ಳಬೇಕು. ಸಮುದ್ರ ಮಟ್ಟದಿಂದ 1,000 ಮೀಟರ್ ಮೇಲೆ ಗಾಳಿ ಸುಮಾರು ಶೇ 10ರಷ್ಟು ತೆಳ್ಳಗಾಗಿರುತ್ತದೆ, ಎಂಜಿನ್‌ನ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಬೆಂಗಳೂರೇ 900 ಮೀಟರ್ ದಾಟಿದೆ. ಮಡಿಕೇರಿ ಇನ್ನೂ ಮೇಲೆ. ಮಂಗಳೂರಿನಲ್ಲಿ ಚುರುಕಾಗಿದ್ದ ಕಾರು ಚಿಕ್ಕಮಗಳೂರಿನ ಗಿರಿಗಳಲ್ಲಿ ಸೋತಂತೆ ಅನ್ನಿಸಿದರೆ ಅದು ನಿಮ್ಮ ಭ್ರಮೆ ಅಲ್ಲ.

ಹಾಗಾದರೆ ಟರ್ಬೋ ತೆಗೆದುಕೊಂಡರೆ ಮುಗಿಯಿತಾ? ಬಹಳ ಮಟ್ಟಿಗೆ ಹೌದು. ಮ್ಯಾಗ್ನೈಟ್‌ನ ಒಂದೇ ಲೀಟರ್ ಎಂಜಿನ್ ಟರ್ಬೋ ಇಲ್ಲದೆ 72 ಪಿಎಸ್, 96 ಎನ್‌ಎಂ ಕೊಡುತ್ತದೆ. ಟರ್ಬೋ ಇದ್ದರೆ 100 ಪಿಎಸ್, 160 ಎನ್‌ಎಂ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಚಿಕ್ಕ ಫ್ಯಾನ್ ತಿರುಗಿಸಿ ಎಂಜಿನ್ ಒಳಗೆ ಗಾಳಿ ತುರುಕುತ್ತದೆ. ಅದಕ್ಕೇ ಎತ್ತರದ ಊರಿನಲ್ಲೂ ಅದು ಅಷ್ಟಾಗಿ ಸೋಲುವುದಿಲ್ಲ. ಆದರೆ ಆ ಫ್ಯಾನ್ ತಿರುಗಲು ಹೊಗೆಯ ರಭಸ ಬೇಕು. ಎಂಜಿನ್ ಸಾವಿರ ಸುತ್ತಿನಲ್ಲಿ ತೆವಳುತ್ತಿರುವಾಗ ಟರ್ಬೋ ಎಚ್ಚರವಾಗಿರುವುದಿಲ್ಲ. ಆಗ ನಿಮ್ಮ ಕೈಯಲ್ಲಿರುವುದು ಬರೀ ಒಂದು ಲೀಟರ್ ಎಂಜಿನ್. ಅಲ್ಲೂ ಫಸ್ಟ್ ಗೇರೇ ಗತಿ. ಒಮ್ಮೆ ಎದ್ದ ಮೇಲೆ ಮಾತ್ರ ಹತ್ತುವ ಖುಷಿಯೇ ಬೇರೆ.

ಡೀಸೆಲ್ ಓಡಿಸಿದವರಿಗೆ ಇದೆಲ್ಲ ಜಾಸ್ತಿ ಕಾಡುತ್ತದೆ. 2016ರ ವಿಟಾರಾ ಬ್ರೆಝಾದ 1.3 ಲೀಟರ್ ಡೀಸೆಲ್ 200 ಎನ್‌ಎಂ ಟಾರ್ಕನ್ನು 1,750 ಸುತ್ತಿನಲ್ಲೇ ಕೊಡುತ್ತಿತ್ತು. ಸೆಕೆಂಡ್ ಗೇರಿನಲ್ಲೇ ಘಾಟಿ ಮುಗಿಸುವ ಅಭ್ಯಾಸ ಆ ಕಾಲದ್ದು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಹೊಗೆ ಶುದ್ಧ ಮಾಡುವ ಸಲಕರಣೆಗಳಿಂದ ಚಿಕ್ಕ ಡೀಸೆಲ್ ಎಂಜಿನ್ ದುಬಾರಿಯಾಯಿತು. ಮಾರುತಿ ಡೀಸೆಲ್ಲನ್ನೇ ನಿಲ್ಲಿಸಿತು. ಆರೇಳು ಲಕ್ಷದ ಸಾಲಿನಿಂದ ಡೀಸೆಲ್ ಮಾಯವಾಯಿತು. ಗಾಳಿ ಶುದ್ಧವಾಗಬೇಕು, ಸರಿ. ಆದರೆ ಹಳೆಯ ಕೈಯಭ್ಯಾಸ ಬದಲಾಗದೆ ಉಳಿದಿದ್ದರಿಂದ ಎಷ್ಟೋ ಜನ ಕ್ಲಚ್ ಪ್ಲೇಟ್ ಸುಟ್ಟುಕೊಳ್ಳುತ್ತಿದ್ದಾರೆ.

ಮೂರು ಸಿಲಿಂಡರ್ ಬಗ್ಗೆಯೂ ಎರಡು ಮಾತು. ಪಂಚ್, ಮ್ಯಾಗ್ನೈಟ್, ಕೈಗರ್ ಮೂರು ಸಿಲಿಂಡರ್‌ನವು. ಎಕ್ಸ್‌ಟರ್‌ಗೆ ನಾಲ್ಕಿವೆ. ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಿಲಿಂಡರ್‌ನದ್ದು ನಾಲ್ಕು ಸಲ ತಳ್ಳಿದರೆ, ಮೂರರದ್ದು ಮೂರೇ ಸಲ. ನಡುವೆ ಬಿಡುವು ಜಾಸ್ತಿ, ಅದಕ್ಕೇ ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್‌ನಲ್ಲಿ ಸಣ್ಣ ನಡುಕ. ಭಾಗಗಳು ಕಡಿಮೆ, ತಿಕ್ಕಾಟ ಕಡಿಮೆ, ಖರ್ಚೂ ಕಡಿಮೆ. ನಡುಕ ಅಂದ ಮಾತ್ರಕ್ಕೆ ಎಂಜಿನ್ ಕೆಟ್ಟದ್ದು ಅಂತಲ್ಲ.

ಇನ್ನು ಎಸ್‌ಯುವಿ ಅನ್ನುವ ಹೆಸರಿಗೆ ನಿಜವಾಗಿ ನ್ಯಾಯ ಸಲ್ಲುವ ಒಂದೇ ಜಾಗ ಅಂದರೆ ನೆಲದಿಂದ ಎತ್ತರ. ಸ್ವಿಫ್ಟ್‌ನದ್ದು 163 ಮಿ.ಮೀ. ಪಂಚ್ ಬಂದಾಗ ಅದರದ್ದು 187, ಫ್ರಾಂಕ್ಸ್‌ನದ್ದು 190, ಮ್ಯಾಗ್ನೈಟ್‌ನದ್ದು 205. ಎರಡು ಬೆರಳಿನಷ್ಟು ವ್ಯತ್ಯಾಸ ಅಂತ ತಳ್ಳಿಹಾಕಬೇಡಿ. ನಮ್ಮ ರಸ್ತೆಗಳಲ್ಲಿ ಆ ಎರಡು ಬೆರಳೇ ಆಯಿಲ್ ಚೇಂಬರ್ ಉಳಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ದೋಣಿ ಕವುಚಿದಂತೆ ನಯವಾಗಿರಬೇಕು. ನಮ್ಮ ಹಳ್ಳಿಗಳಲ್ಲಿ ಶಾಲೆ ಮುಂದೆ, ದೇವಸ್ಥಾನದ ಮುಂದೆ ಹಾಕಿರುವುದು ಎರಡು ಬುಟ್ಟಿ ಕಾಂಕ್ರೀಟ್ ಸುರಿದು ತಟ್ಟಿದ ಗುಡ್ಡೆ. ಅದನ್ನು ದಾಟಲು ಎತ್ತರದ ಜೊತೆಗೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರವೂ ಕಡಿಮೆ ಇರಬೇಕು. ಪಂಚ್‌ನಲ್ಲಿ ಅದು 2,445 ಮಿ.ಮೀ., ಎಕ್ಸ್‌ಟರ್‌ನಲ್ಲಿ 2,450. ಹಂಪ್ ನಡುಹೊಟ್ಟೆಗೆ ತಾಗುವ ಮೊದಲೇ ಹಿಂದಿನ ಚಕ್ರ ಹತ್ತಿಬಿಡುತ್ತದೆ. ಆದರೆ ಇವೆಲ್ಲ ಖಾಲಿ ಕಾರಿನ ಅಳತೆ. ಐದು ಜನ ಕೂತರೆ ಸ್ಪ್ರಿಂಗ್ ಕುಗ್ಗುತ್ತದೆ, ಎತ್ತರವೂ ಇಳಿಯುತ್ತದೆ.

ಎತ್ತರ ಬಂದರೂ ಕೆಳಗಿನ ಕಟ್ಟಡ ಚಿಕ್ಕ ಕಾರಿನದ್ದೇ. ಪಂಚ್ ನಿಂತಿರುವುದು ಆಲ್ಟ್ರೋಜ್ ಕಾರಿನ ಪ್ಲಾಟ್‌ಫಾರ್ಮ್ ಮೇಲೆ. ಮುಂದೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಮ್ಯಾಕ್‌ಫರ್ಸನ್ ಸಸ್ಪೆನ್ಶನ್, ಹಿಂದೆ ಎರಡೂ ಚಕ್ರಗಳನ್ನು ಜೋಡಿಸುವ ತಿರುಚುವ ಬೀಮ್, ಹಿಂದಿನ ಬ್ರೇಕ್ ಡ್ರಮ್. ಎಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ಊರಿನ ದಿನದ ಓಡಾಟಕ್ಕೆ ಇದು ಅಗ್ಗ, ಗಟ್ಟಿ, ರಿಪೇರಿಗೂ ಸುಲಭ.

ತೊಂದರೆ ಶುರುವಾಗುವುದು ಮಳೆಗಾಲದ ತೋಟದ ದಾರಿಯಲ್ಲಿ. ಕೆಸರಿನ ಏರಿನಲ್ಲಿ ಕಾರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದೆ. ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಸಾಮಾನು ಬೇರೆ. ಬಲ ಕೊಡಬೇಕಾದ ಮುಂದಿನ ಚಕ್ರ ಹಗುರವಾಗಿ, ಕೆಸರಿನಲ್ಲಿ ಸುಮ್ಮನೆ ಸುತ್ತುತ್ತದೆ. ಅದೇ ದಾರಿಯಲ್ಲಿ ಹಳೇ ಬೊಲೆರೊ ಹತ್ತಿ ಹೋಗುವುದನ್ನು ಮಲೆನಾಡಿನವರೆಲ್ಲ ನೋಡಿದ್ದಾರೆ. ಬೊಲೆರೊ ಕೂಡ 4 ಮೀಟರ್ ಒಳಗೇ ಇದೆ, ಪವರ್ 75 ಪಿಎಸ್ ಅಷ್ಟೇ. ಆದರೆ ಅದಕ್ಕೆ ಕೆಳಗೆ ಲಾರಿಯಂತೆ ಚಾಸಿ ಇದೆ, ಹಿಂದಿನ ಚಕ್ರ ತಳ್ಳುತ್ತದೆ, 1.5 ಲೀಟರ್ ಡೀಸೆಲ್ ಕೆಳಗಿನ ಸುತ್ತಿನಲ್ಲೇ 210 ಎನ್‌ಎಂ ಕೊಡುತ್ತದೆ. ಭಾರ ಹಿಂದಕ್ಕೆ ಹೋದಷ್ಟೂ ಅದರ ಹಿಡಿತ ಜಾಸ್ತಿ. ತೋಟದೊಳಗೆ ಮನೆ ಇದ್ದು, ಜಲ್ಲಿಯೂ ಕಾಣದ ದಾರಿ ಇದ್ದವರಿಗೆ ನಾನು ಈ ಚಿಕ್ಕ ಎಸ್‌ಯುವಿಗಳನ್ನು ಹೇಳುವುದಿಲ್ಲ.

ಗೇರ್ ಬಾಕ್ಸ್ ವಿಷಯದಲ್ಲೂ ಹುಷಾರಾಗಿರಿ. ಈ ಬೆಲೆಯಲ್ಲಿ ಆಟೋಮ್ಯಾಟಿಕ್ ಅಂದರೆ ಬಹುತೇಕ ಎಎಂಟಿ. ಅದು ಮ್ಯಾನುವಲ್ ಗೇರ್ ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಹಾಕುವ ಕೆಲಸವನ್ನು ಮೋಟಾರ್ ಮಾಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಡಗಾಲಿಗೆ ಅದು ದೊಡ್ಡ ಉಪಕಾರ. ಘಾಟಿಯಲ್ಲಿ ಮಾತ್ರ ಗೇರ್ ಬದಲಿಸುವ ಆ ಒಂದು ಕ್ಷಣ ಬಲ ನಿಲ್ಲುತ್ತದೆ, ಕಾರು ಮುಗ್ಗರಿಸಿದಂತಾಗುತ್ತದೆ. ಏರಿನಲ್ಲಿ ಮ್ಯಾನುವಲ್ ಮೋಡಿಗೆ ಹಾಕಿಕೊಂಡು ನೀವೇ ಗೇರ್ ಆರಿಸಿ.

ಸಿಎನ್‌ಜಿ ಕೇಳುವವರೂ ಈಗ ಜಾಸ್ತಿ. ಪಂಚ್ ಸಿಎನ್‌ಜಿಯಲ್ಲಿ ಒಂದೇ ದೊಡ್ಡ ಗ್ಯಾಸ್ ಸಿಲಿಂಡರ್ ಬದಲು 30 ಲೀಟರ್‌ನ ಎರಡನ್ನು ಡಿಕ್ಕಿಯ ನೆಲದ ಕೆಳಗೆ ಮಲಗಿಸಿದ್ದಾರೆ. ಹಾಗಾಗಿ 366 ಲೀಟರ್ ಡಿಕ್ಕಿಯಲ್ಲಿ 210 ಲೀಟರ್ ಉಳಿಯುತ್ತದೆ. ಒಳ್ಳೆಯ ಉಪಾಯ. ಆದರೆ ಗ್ಯಾಸ್ ಎಂಜಿನ್ ಒಳಗೆ ಗಾಳಿಯ ಜಾಗವನ್ನೇ ಸ್ವಲ್ಪ ತಿನ್ನುತ್ತದೆ. ಪವರ್ 73.5 ಪಿಎಸ್, ಟಾರ್ಕ್ 103 ಎನ್‌ಎಂ. ಘಾಟಿ ಬಂದಾಗ ಪೆಟ್ರೋಲ್‌ಗೆ ಬದಲಾಯಿಸಿಕೊಳ್ಳುವುದೇ ವಾಸಿ. ಪೆಟ್ರೋಲ್ ಅಂದರೂ ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಬ್ರೋಷರ್‌ನ ಮೈಲೇಜ್ ನಂಬಿ ತಿಂಗಳ ಖರ್ಚು ಲೆಕ್ಕ ಹಾಕಬೇಡಿ.

ಸುರಕ್ಷತೆಯ ವಿಷಯದಲ್ಲಿ ಈ ವರ್ಗದಿಂದ ನಮಗೆ ನಿಜವಾದ ಲಾಭವಾಗಿದೆ. ಪಂಚ್‌ಗೆ 2021ರಲ್ಲಿ, ಕಾರುಗಳನ್ನು ಗುದ್ದಿಸಿ ಪರೀಕ್ಷೆ ಮಾಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ದೊಡ್ಡವರ ರಕ್ಷಣೆಗೆ 5 ನಕ್ಷತ್ರ, ಮಕ್ಕಳ ರಕ್ಷಣೆಗೆ 4 ನಕ್ಷತ್ರ ಕೊಟ್ಟಿತು. ಎಕ್ಸ್‌ಟರ್ 2023ರಲ್ಲಿ ಎಲ್ಲ ಮಾಡೆಲ್‌ಗಳಲ್ಲೂ ಆರು ಏರ್‌ಬ್ಯಾಗ್ ಇಟ್ಟುಕೊಂಡೇ ಬಂತು. ಹತ್ತು ವರ್ಷದ ಹಿಂದೆ ಈ ಬೆಲೆಗೆ ಇದು ಕನಸು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೈವೇಯಲ್ಲಿ ಹೋಗುವವರಿಗೆ ಸನ್‌ರೂಫ್‌ಗಿಂತ ಇದು ಮುಖ್ಯ ಅಲ್ವಾ? ಹಿಂದಿನ ಸೀಟಿನವರೂ ಬೆಲ್ಟ್ ಹಾಕಿದರೆ ಮಾತ್ರ ಆ ನಕ್ಷತ್ರಗಳಿಗೆ ಅರ್ಥ.

ಕರ್ನಾಟಕದಲ್ಲಿ ಕೊಳ್ಳುವವರು ಇನ್ನೊಂದು ಗೆರೆಯನ್ನೂ ನೋಡಬೇಕು. ನಮ್ಮಲ್ಲಿ 5ರಿಂದ 10 ಲಕ್ಷದ ಕಾರಿಗೆ ರಸ್ತೆ ತೆರಿಗೆ ಶೇ 14. 10 ಲಕ್ಷ ದಾಟಿದರೆ ಶೇ 17. ಆ ತೆರಿಗೆಯ ಮೇಲೆ ಶೇ 11 ಸೆಸ್. 9.9 ಲಕ್ಷದ ಕಾರಿಗೆ ಸುಮಾರು 1.54 ಲಕ್ಷ ತೆರಿಗೆ ಬಿದ್ದರೆ, 10.1 ಲಕ್ಷದ್ದಕ್ಕೆ ಸುಮಾರು 1.91 ಲಕ್ಷ. ಟರ್ಬೋ, ಆಟೋಮ್ಯಾಟಿಕ್, ಟಾಪ್ ಮಾಡೆಲ್ ಅಂತ ಒಂದೊಂದೇ ಸೇರಿಸುತ್ತಾ ಹೋದಾಗ ಈ ಗೆರೆ ಗೊತ್ತಿಲ್ಲದೇ ದಾಟಿಹೋಗುತ್ತದೆ.

ಭಾವ ಕಾರು ತೆಗೆದುಕೊಳ್ಳುವ ಮುಂಚೆ ಶೋರೂಮಿನವರು ಟೆಸ್ಟ್ ಡ್ರೈವ್ ಕೊಟ್ಟಿದ್ದು ರಿಂಗ್ ರೋಡಿನಲ್ಲಿ, ಸಮತಟ್ಟು ದಾರಿ, ಕಾರಿನಲ್ಲಿ ಇಬ್ಬರೇ. ಮಕ್ಕಳು, ಅಮ್ಮ ಬಂದಿದ್ದರೂ ಅವರನ್ನು ಒಳಗೆ ಸೋಫಾದಲ್ಲಿ ಕೂರಿಸಿ ಕೂಲ್‌ಡ್ರಿಂಕ್ಸ್ ಕೊಟ್ಟಿದ್ದರು. ನನಗೆ ಈಗ ಅದನ್ನು ನೆನೆದರೆ ಬೇಜಾರಾಗುತ್ತದೆ. ಆ ಕಾರಿನಲ್ಲಿ ದಿನಾ ಕೂರಬೇಕಾದವರನ್ನು ಬಿಟ್ಟು ಕಾರು ನೋಡಿ ಬಂದೆವು.

ಹೋದ ತಿಂಗಳು ಹಾಸನದ ಚಿಕ್ಕಮ್ಮನ ಮಗಳು ಇದೇ ಸಾಲಿನ ಎರಡು ಕಾರುಗಳ ನಡುವೆ ಒದ್ದಾಡುತ್ತಿದ್ದಳು. ಒಂದು ಟರ್ಬೋ, ಇನ್ನೊಂದು ಸಾದಾ. ಈ ಸಲ ನಾನು ಬಿಡಲಿಲ್ಲ. ಚಿಕ್ಕಪ್ಪ, ಚಿಕ್ಕಮ್ಮ, ಅವಳು, ನಾನು ನಾಲ್ಕೂ ಜನ ಹತ್ತಿ ಕೂತು, ಎಸಿ ಹಾಕಿಸಿ, ಊರಾಚೆಯ ಒಂದು ಏರಿನ ಮಧ್ಯೆ ಕಾರು ನಿಲ್ಲಿಸಿದೆವು. ಸೇಲ್ಸ್ ಹುಡುಗ ಮೊದಲು ಬೇಡ ಅಂದ, ಆಮೇಲೆ ಅವನಿಗೂ ಕುತೂಹಲ ಬಂತು. ಎರಡೂ ಕಾರನ್ನು ಅಲ್ಲಿಂದ ಸೆಕೆಂಡ್‌ನಲ್ಲಿ ಎತ್ತಿ ನೋಡಿದಳು, ಫಸ್ಟ್‌ನಲ್ಲಿ ಎತ್ತಿ ನೋಡಿದಳು. ಹಿಂದೆ ಕೂತ ಚಿಕ್ಕಪ್ಪನಿಗೆ ಮಂಡಿ ನೋವು. ಅವರು ಇಳಿದು ಹತ್ತಿ, ಯಾವ ಬಾಗಿಲು ಅಗಲವಾಗಿ ತೆರೆಯುತ್ತದೆ, ಯಾವ ಸೀಟು ಎತ್ತರ ಸರಿಯಿದೆ ಅಂತ ಎರಡೆರಡು ಸಲ ನೋಡಿದರು.

ಅವಳು ಕೊನೆಗೆ ಸಾದಾ ಎಂಜಿನ್‌ನದ್ದನ್ನೇ ಬುಕ್ ಮಾಡಿದಳು. ದಿನಾ ಓಡಿಸುವುದು ಹಾಸನದೊಳಗೆ, ಶಿರಾಡಿ ಇಳಿದು ಪುತ್ತೂರಿಗೆ ಹೋಗುವುದು ವರ್ಷಕ್ಕೆ ಎರಡೇ ಸಲ. "ಆವತ್ತು ಫಸ್ಟ್ ಗೇರಲ್ಲೇ ಹತ್ತುತ್ತೀನಿ ಬಿಡಣ್ಣ" ಅಂದಳು. ಉಳಿದ ದುಡ್ಡಿಗೆ ಆರು ಏರ್‌ಬ್ಯಾಗ್ ಇರುವ ಮಾಡೆಲ್ಲೇ ಬಂತು.